ಕಬಿನಿ ಹಿನ್ನೀರಿನಲ್ಲಿ ಹಗಲು ಹೊತ್ತಿನ ಆನೆಗಳು

ಆಲೂರು, ಸಕಲೇಶಪುರದ ಕಡೆಯವರಿಗೆ ಕಾಡಾನೆ ಅಂದರೆ ರಾತ್ರಿಯ ಪ್ರಾಣಿ. ಇಂಥ ತೋಟದಲ್ಲಿ ಆನೆ ಇದೆ, ಆ ದಾರಿಯಲ್ಲಿ ಓಡಾಡಬೇಡಿ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಕತ್ತಲಲ್ಲಿ ಬೈನೆ ಮರ ಸೀಳುವ ಸದ್ದು ಕೇಳುತ್ತದೆ. ಬೆಳಿಗ್ಗೆ ಗದ್ದೆಗೆ ಇಳಿದರೆ ಆಳಕ್ಕೆ ಹೂತ ಹೆಜ್ಜೆ ಗುಂಡಿಗಳು, ತುಳಿದ ಪೈರು, ಮುರಿದು ಬಿದ್ದ ಬಾಳೆ. ಆಳುಗಳು ಕೆಲಸಕ್ಕೆ ಬರಲು ಹೆದರುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡಲು ದೊಡ್ಡವರೊಬ್ಬರು ಜೊತೆಗೆ ಹೋಗಬೇಕು. ನಮ್ಮಮ್ಮ ಮದುವೆಯಾಗಿ ಬಂದಾಗಿನಿಂದ ಕಂಡದ್ದು ಇದನ್ನೇ. ಆನೆ ಘೀಳಿಟ್ಟಿದ್ದನ್ನು ಎಷ್ಟೋ ಸಲ ಕೇಳಿದ್ದಾಳೆ. ಆದರೆ ಟಾರ್ಚಿನ ಬೆಳಕಿನಾಚೆ ಕಪ್ಪಗೆ ನಿಂತದ್ದನ್ನು ಬಿಟ್ಟರೆ ಅದನ್ನು ಕಣ್ತುಂಬ ನೋಡಿಯೇ ಇರಲಿಲ್ಲ.

ಅವಳನ್ನು ಸಫಾರಿಗೆ ಕರೆದುಕೊಂಡು ಹೋಗಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ. ಆನೆಗೂ ನಮಗೂ ನಡುವೆ ಬೆಳೆ ಇಲ್ಲದ, ಪಟಾಕಿ ಇಲ್ಲದ, ಓಡಿಸುವವರಿಲ್ಲದ ಜಾಗದಲ್ಲಿ ಅದು ತನ್ನ ಪಾಡಿಗೆ ತಾನು ಹೇಗಿರುತ್ತದೆ ಎನ್ನುವುದನ್ನು ಅಮ್ಮ ಒಮ್ಮೆಯಾದರೂ ನೋಡಬೇಕು ಅನ್ನಿಸಿತ್ತು. ನಷ್ಟದ ಲೆಕ್ಕದಲ್ಲಿ ಮಾತ್ರ ಗೊತ್ತಿರುವ ಪ್ರಾಣಿಯ ಬಗ್ಗೆ ನ್ಯಾಯವಾಗಿ ಯೋಚಿಸುವುದು ಯಾರಿಗೂ ಕಷ್ಟ. "ದುಡ್ಡು ಕೊಟ್ಟು ಆನೆ ನೋಡಕ್ಕೆ ಹೋಗ್ತಾರೇನೇ?" ಅಂತ ಅಮ್ಮ ಮೊದಲು ಒಪ್ಪಲಿಲ್ಲ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಗೂ ಹೋಗಿ ಬರೋಣ ಅಂದ ಮೇಲೆ ಹೊರಟಳು.

ಕಬಿನಿಯನ್ನು ಆರಿಸಿಕೊಂಡದ್ದಕ್ಕೂ ಏಪ್ರಿಲ್ ತಿಂಗಳನ್ನು ಆರಿಸಿಕೊಂಡದ್ದಕ್ಕೂ ಕಾರಣ ಹಿನ್ನೀರಿನ ಹುಲ್ಲು. ವಯನಾಡಿನಲ್ಲಿ ಹುಟ್ಟಿ ಬರುವ ಕಬಿನಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಮುಗಿಯಿತು. ಪೂರ್ಣ ಮಟ್ಟ 2,284 ಅಡಿ, ಹಿಡಿಯುವ ನೀರು 19.52 ಟಿಎಂಸಿ. ಮಳೆಗಾಲದಲ್ಲಿ ತುಂಬಿದಾಗ ನೀರು ಕಾಡಂಚಿನ ಮರಗಳ ಬುಡದವರೆಗೂ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋದಂತೆ ಮುಳುಗಿದ್ದ ನೆಲ ಮೇಲೆದ್ದು, ಆ ಒದ್ದೆ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಕಾಡಿನೊಳಗೆ ಆ ಹೊತ್ತಿಗೆ ಕೆರೆಗಳು ಬತ್ತಿ ಹುಲ್ಲು ತರಗಾಗಿರುತ್ತದೆ. ಈ ದಡ ನಾಗರಹೊಳೆ, ಆ ದಡ ಬಂಡೀಪುರ, ಅದರಾಚೆ ವಯನಾಡು ಮತ್ತು ಮುದುಮಲೈ. ಈ ಕಾಡುಗಳಿಗೆ ಆನೆಯ ಲೆಕ್ಕದಲ್ಲಿ ಗಡಿ ಇಲ್ಲ. ಅಲ್ಲಿಂದೆಲ್ಲ ಹಿಂಡುಗಳು ಇಲ್ಲಿಗೆ ಇಳಿಯುತ್ತವೆ. ಶ್ರೀಲಂಕಾದ ಮಿನ್ನೇರಿಯಾ ಕೆರೆಯಂಥ ಒಂದೆರಡು ಕಡೆ ಬಿಟ್ಟರೆ ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಯಲಲ್ಲಿ ಕಾಣಸಿಗುವ ಜಾಗ ಅಪರೂಪ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಅಂದಾಜು ಮಾಡಿದ್ದರು, ದೇಶದಲ್ಲೇ ಹೆಚ್ಚು. ಅವುಗಳಲ್ಲಿ ದೊಡ್ಡ ಪಾಲು ಇರುವುದು ಈ ಸೀಮೆಯಲ್ಲೇ.

ಇಲ್ಲಿ ಸಫಾರಿಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಅರಣ್ಯ ಇಲಾಖೆಯವರು ದಮ್ಮನಕಟ್ಟೆಯಿಂದ ನಡೆಸುವ ಸಫಾರಿ ಒಂದು. ಅಲ್ಲಿ ಹೆಚ್ಚಿನವರು ಹೋಗುವುದು ಮಿನಿ ಬಸ್ಸಿನಲ್ಲಿ, ಖರ್ಚೂ ಕಡಿಮೆ. ಇನ್ನೊಂದು, ಕಾರಾಪುರದ ಕಡೆಯ ಜಂಗಲ್ ಲಾಡ್ಜಸ್‌ನಲ್ಲೋ ಬೇರೆ ರೆಸಾರ್ಟಿನಲ್ಲೋ ಉಳಿದುಕೊಂಡು ಅಲ್ಲಿಂದ ಜೀಪಿನಲ್ಲಿ ಹೋಗುವುದು. ಬಸ್ಸಿನಿಂದಲೂ ಆನೆ ಕಾಣುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ಜನರಿರುವ ಕಡೆ ಒಬ್ಬರು ಪಿಸುಗುಟ್ಟಿದರೂ ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಅಮ್ಮನಿಗೆ ಕಿಟಕಿ ಕಂಬಿಗಳ ನಡುವಿನಿಂದ ಇಣುಕುವುದು ಬೇಡ, ಮಂಡಿ ನೋವಿಗೆ ನಡುವೆ ವಿಶ್ರಾಂತಿಯೂ ಬೇಕು ಅಂತ ನಾನು ಉಳಿದುಕೊಳ್ಳುವ ಏರ್ಪಾಡನ್ನೇ ಮಾಡಿದೆ. ಬೇಸಿಗೆ ರಜೆ ಆದ್ದರಿಂದ ಬಹಳ ಮುಂಚೆಯೇ ಕಾಯ್ದಿರಿಸಬೇಕಾಯಿತು. ವಾರದ ನಡುವಿನ ದಿನ ಹಿಡಿದರೆ ಸೀಟು ಸಿಗುವುದು ಸುಲಭ, ಕಾಡಿನೊಳಗೆ ಗಾಡಿಗಳ ಗದ್ದಲವೂ ಕಡಿಮೆ.

ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕಾರಾಪುರ ಮುಟ್ಟುವ ಹೊತ್ತಿಗೆ ಊಟದ ಸಮಯ. ದಾರಿಯುದ್ದಕ್ಕೂ ಶುಂಠಿ, ಹತ್ತಿ, ತಂಬಾಕು ಬೆಳೆಯುವ ಹೊಲಗಳು. ಆ ಹೊಲಗಳ ನಡುನಡುವೆ ಕಾಲು ಕಂಬದ ಮೇಲೆ ಕಟ್ಟಿದ ಅಟ್ಟಣೆಗಳು. ಅಮ್ಮ ಮೊದಲು ಗುರುತಿಸಿದ್ದು ಅವನ್ನೇ. "ಇಲ್ಲೂ ರಾತ್ರಿ ಕಾಯ್ತಾರೆ ನೋಡು" ಅಂದಳು. ಕಾಡಿಗೆ ಇಷ್ಟು ಹತ್ತಿರ ಬೇಸಾಯ ಮಾಡುವವರ ಪಾಡು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮಧ್ಯಾಹ್ನದ ಚಹಾ ಆದ ಮೇಲೆ ಎಲ್ಲರನ್ನೂ ಸೇರಿಸಿ ನಿಯಮಗಳನ್ನು ಹೇಳಿದರು. ಗಾಡಿಯಿಂದ ಇಳಿಯುವಂತಿಲ್ಲ, ಕೂಗುವಂತಿಲ್ಲ, ತಿಂಡಿ ಎಸೆಯುವಂತಿಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಯಾವ ಗಾಡಿ ಯಾವ ವಲಯಕ್ಕೆ ಎನ್ನುವುದನ್ನು ಅವರೇ ಹಂಚುತ್ತಾರೆ, ನಾವು ಕೇಳಿ ಪಡೆಯುವಂಥದ್ದಲ್ಲ. ಕೇಳಬಹುದಾದದ್ದು ಒಂದಿದೆ, ಅದನ್ನು ನಾನು ಕೇಳಿದೆ. ಜೀಪು ಹತ್ತುವ ಮುಂಚೆ ನ್ಯಾಚುರಲಿಸ್ಟ್ ಹುಡುಗನ ಹತ್ತಿರ ಹೋಗಿ, "ನಾವು ಬಂದಿರೋದು ಆನೆ ನೋಡೋಕೆ. ಹುಲಿ ಸಿಗದಿದ್ದರೂ ಬೇಜಾರಿಲ್ಲ. ಆನೆ ಸಿಕ್ಕ ಕಡೆ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ?" ಅಂದೆ. ಅವನ ಮುಖ ಅರಳಿತು. ಹತ್ತಿರದ ಹಳ್ಳಿಯವನೇ, ಚಿಕ್ಕಂದಿನಿಂದ ಈ ಕಾಡಂಚಿನಲ್ಲಿ ದನ ಮೇಯಿಸಿಕೊಂಡು ಬೆಳೆದವನು. "ಎಲ್ಲಾ ಹುಲಿ ಹುಲಿ ಅಂತಾರೆ ಅಕ್ಕ. ಆನೆ ಅಂದ್ರೆ ನಮ್ಗೂ ಖುಷಿನೇ" ಅಂದ.

ನಮ್ಮ ಜೀಪಿನಲ್ಲಿ ಬೆಂಗಳೂರಿನ ದಂಪತಿ, ಎಂಟು ಹತ್ತು ವರ್ಷದ ಅವರ ಮಗ, ಉದ್ದ ಲೆನ್ಸಿನ ಕ್ಯಾಮೆರಾದ ಇಬ್ಬರು ಗೆಳೆಯರು, ಮತ್ತು ನಾವು. ಅಮ್ಮನಿಗೆ ಚಾಲಕನ ಹಿಂದಿನ ಸಾಲು ಕೊಟ್ಟರು. ಹಿಂದಿನ ಸಾಲುಗಳು ಎತ್ತರದಲ್ಲಿದ್ದು ಚೆನ್ನಾಗಿ ಕಾಣುತ್ತವೆ, ಆದರೆ ಗುಂಡಿ ದಾರಿಯಲ್ಲಿ ಅಲ್ಲಿ ಕೂತವರ ಸೊಂಟಕ್ಕೆ ಪೆಟ್ಟು ಜಾಸ್ತಿ. ವಯಸ್ಸಾದವರನ್ನು ಕರೆದೊಯ್ಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಗೇಟಿನಲ್ಲಿ ನೋಂದಣಿ ಮುಗಿಸಿ ಒಳಗೆ ಹೋದರೆ ಮೊದಲು ಸಿಗುವುದು ತೇಗದ ನೆಡುತೋಪು. ಎಲೆ ಉದುರಿ ನಿಂತ ತೇಗ, ಅದರ ಬುಡದಲ್ಲಿ ದಟ್ಟವಾಗಿ ಲಂಟಾನ. ಆಮೇಲೆ ಮತ್ತಿ, ಹೊನ್ನೆ, ದಿಂಡಿಗ ಬೆರೆತ ಕಾಡು. ಲಂಟಾನದ ಪೊದೆ ಎಲ್ಲಿ ಹಬ್ಬಿದೆಯೋ ಅಲ್ಲಿ ಹುಲ್ಲು ಬೆಳೆಯುವುದಿಲ್ಲ, ಅದನ್ನು ಆನೆಯೂ ತಿನ್ನುವುದಿಲ್ಲ, ಜಿಂಕೆಯೂ ತಿನ್ನುವುದಿಲ್ಲ. ಬಿದಿರಿಗೆ ಕಟ್ಟೆ ಬಂದು, ಅಂದರೆ ಒಟ್ಟಿಗೇ ಹೂ ಬಿಟ್ಟು, ಮೆಳೆಗಳೆಲ್ಲ ಒಣಗಿದ ಮೇಲೆ ಆ ಜಾಗವನ್ನೂ ಎಷ್ಟೋ ಕಡೆ ಲಂಟಾನವೇ ಆಕ್ರಮಿಸಿದೆ. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಪ್ರಾಣಿಗೆ ಹಸಿರು ಕಂಡರೂ ತಿನ್ನಲು ಬಾರದ ಕಾಡು ಇದು. ಊರ ಕಡೆ ಆನೆ ಯಾಕೆ ಬರುತ್ತದೆ ಅನ್ನುವ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಮ್ಮ ಹಾಸನದ ಕಡೆ ಕಾಡೇ ತುಂಡು ತುಂಡಾಗಿರುವುದು ದೊಡ್ಡ ಕಾರಣ. ಆದರೂ ಈ ಪೊದೆಯನ್ನು ನೋಡಿಕೊಂಡು ಅಷ್ಟು ದೂರ ಹೋದಾಗ ಉತ್ತರದ ಒಂದು ಭಾಗವಾದರೂ ಕಣ್ಣೆದುರೇ ಇದೆ ಅನ್ನಿಸಿತು.

ಆನೆ ಕಾಣುವ ಮೊದಲು ಆನೆಯ ಗುರುತುಗಳು ಕಂಡವು. ದಾರಿ ಮಧ್ಯೆ ಲದ್ದಿ, ಇನ್ನೂ ಹಸಿ ಇತ್ತು, ಮೇಲೆ ಚಿಟ್ಟೆಗಳು ಕೂತಿದ್ದವು. ಮತ್ತಿ ಮರವೊಂದರ ತೊಗಟೆಯನ್ನು ಎದೆ ಮಟ್ಟದಿಂದ ಉದ್ದಕ್ಕೆ ಸುಲಿದು ತಿಂದಿತ್ತು. ಹಳ್ಳದ ಪಕ್ಕದ ಮರದ ಕಾಂಡಕ್ಕೆ ನಮ್ಮ ತಲೆಗಿಂತ ಎಷ್ಟೋ ಮೇಲೆ ಕೆಸರು ಮೆತ್ತಿಕೊಂಡಿತ್ತು, ಮೈ ಉಜ್ಜಿದ ಗುರುತು. ಧೂಳಿನಲ್ಲಿ ಅಚ್ಚೊತ್ತಿದ ಮುಂಗಾಲ ಹೆಜ್ಜೆಯೊಂದನ್ನು ತೋರಿಸಿ ಹುಡುಗ ಹೇಳಿದ, ಅದರ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಆ ಆನೆಯ ಭುಜದ ಎತ್ತರ ಸುಮಾರಾಗಿ ಸಿಗುತ್ತದೆ ಅಂತ. ಅಮ್ಮ ಇದನ್ನು ಕೇಳಿ ಬಗ್ಗಿ ನೋಡಿದಳು. ಗದ್ದೆಯಲ್ಲಿ ಅಷ್ಟು ವರ್ಷ ಆ ಗುಂಡಿಗಳನ್ನು ಮುಚ್ಚಿಸಿದವಳು ಅದನ್ನು ಒಂದು ಅಳತೆಯಾಗಿ ನೋಡಿದ್ದು ಅವತ್ತೇ ಇರಬೇಕು.

ಒಂದು ತಿರುವಿನಲ್ಲಿ ಚಾಲಕ ಥಟ್ಟನೆ ಬ್ರೇಕ್ ಹಾಕಿದ. ಸುಮಾರು ನೂರಡಿ ಮುಂದೆ, ದಾರಿಯಲ್ಲೇ, ಸಲಗ. ಒಂಟಿಯಾಗಿ ನಮ್ಮ ಕಡೆಗೇ ನಡೆದು ಬರುತ್ತಿತ್ತು. ಕ್ಯಾಮೆರಾಗಳು ಎದ್ದವು, ಯಾರೋ "ಇನ್ನೂ ಸ್ವಲ್ಪ ಮುಂದೆ" ಅಂದರು. ಹುಡುಗ ಹಿಂದಿರುಗಿ ಕೈ ಅಡ್ಡ ಮಾಡಿದ. "ಮುಂದಕ್ಕಿಲ್ಲ. ಮದ ಬಂದದೆ" ಅಂದ. ಆಮೇಲೆ ನಮಗೂ ಕಂಡಿತು. ಕಣ್ಣಿಗೂ ಕಿವಿಗೂ ನಡುವೆ ಕೆನ್ನೆಯ ಮೇಲಿನಿಂದ ಬಾಯಿಯವರೆಗೆ ಎಣ್ಣೆ ಸುರಿದ ಗುರುತಿನ ಕಪ್ಪು ಗೆರೆ, ಹಿಂಗಾಲುಗಳ ಒಳಭಾಗವೂ ಒದ್ದೆ. ಮದ ಎಂದರೆ ಹುಚ್ಚಲ್ಲ, ರೋಗವೂ ಅಲ್ಲ. ಬೆಳೆದ ಗಂಡಾನೆಗಳಿಗೆ ವರ್ಷದಲ್ಲಿ ಕೆಲವು ವಾರ ಬರುವ ಸ್ಥಿತಿ. ಆಗ ಅದು ಹೆಣ್ಣಾನೆಗಳ ಹಿಂಡನ್ನು ಹುಡುಕಿಕೊಂಡು ಅಲೆಯುತ್ತದೆ, ಎದುರು ಬಂದ ಬೇರೆ ಗಂಡಾನೆಗಳೂ ಸಾಮಾನ್ಯವಾಗಿ ದಾರಿ ಬಿಡುತ್ತವೆ.

ನಾವೂ ದಾರಿ ಬಿಟ್ಟೆವು. ಚಾಲಕ ಎಂಜಿನ್ ಆರಿಸಲಿಲ್ಲ, ಹಾರ್ನ್ ಮುಟ್ಟಲಿಲ್ಲ, ಅವಸರವನ್ನೂ ಮಾಡಲಿಲ್ಲ. ಆನೆ ಎಷ್ಟು ವೇಗವಾಗಿ ಬರುತ್ತಿತ್ತೋ ಅಷ್ಟೇ ವೇಗದಲ್ಲಿ ಹಿಂದಕ್ಕೆ ಸರಿಸುತ್ತಾ ಹೋದ. ಕನ್ನಡಿ ನೋಡಿಕೊಂಡು, ಆ ಇಕ್ಕಟ್ಟಿನ ದಾರಿಯಲ್ಲಿ, ಬಹಳ ದೂರ. ಪಕ್ಕಕ್ಕೆ ಕಾಡ್ಗಿಚ್ಚು ಹಬ್ಬದಂತೆ ಬೆಂಕಿ ರೇಖೆ ಕಡಿದ ಅಗಲವಾದ ಜಾಗ ಸಿಕ್ಕ ಕೂಡಲೇ ಅದರೊಳಕ್ಕೆ ಗಾಡಿ ಸೇರಿಸಿ, ಮೂತಿ ಹೊರಕ್ಕಿಟ್ಟು ನಿಲ್ಲಿಸಿದ. ಸಲಗ ಅಲ್ಲಿಯವರೆಗೂ ಬಂದು ನಿಂತಿತು. ಸೊಂಡಿಲ ತುದಿಯನ್ನು ಮಾತ್ರ ಎತ್ತಿ ನಮ್ಮ ಕಡೆಗೆ ತಿರುಗಿಸಿ ಮೂಸಿತು. ಕಿವಿ ಬೀಸುವುದು ನಿಂತಿತ್ತು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅವಳ ಬೆರಳುಗಳ ಬಿಗಿ ನನಗೆ ಈಗಲೂ ನೆನಪಿದೆ. ಸ್ವಲ್ಪ ಹೊತ್ತಿಗೆ ಕಿವಿ ಮತ್ತೆ ಆಡತೊಡಗಿತು. ಅದು ದಾರಿ ದಾಟಿ ಪೊದೆಯೊಳಗೆ ನುಗ್ಗಿತು, ಅಷ್ಟು ದೊಡ್ಡ ಮೈ ನಾಲ್ಕು ಹೆಜ್ಜೆಗೆ ಮರೆಯಾಯಿತು.

"ಕಿವಿ ಆಡ್ತಾ ಇದ್ರೆ ಆರಾಮಾಗದೆ ಅಂತ. ಕಿವಿ ನಿಂತ್ರೆ ಕೇಳುಸ್ಕತಾದೆ, ಆಗ ನಾವು ಅಲ್ಲಾಡಬಾರ್ದು. ತಲೆ ಎತ್ತಿ ಕಿವಿ ಅಗಲ ಮಾಡುದ್ರೆ ಹೋಗು ಅಂತ ಹೇಳ್ತದೆ, ಹೋಗ್ಬೇಕು. ಅಷ್ಟೇ ಕಣಮ್ಮ" ಅಂದ ಹುಡುಗ, ಅಮ್ಮನಿಗೆ. ಚಾಲಕನ ಕೆಲಸ ನನಗೆ ಬಹಳ ಹಿಡಿಸಿತು. ಆನೆಯನ್ನು ಹತ್ತಿರದಿಂದ ತೋರಿಸುವುದು ದೊಡ್ಡ ವಿದ್ಯೆಯಲ್ಲ. ಎಲ್ಲಿಂದ ಹಿಂದೆ ಸರಿಯಬೇಕು ಅಂತ ಗೊತ್ತಿರುವವನ ಜೊತೆ ಹೋದರೆ ಮಾತ್ರ ಆನೆಯ ನಿಜವಾದ ನಡವಳಿಕೆ ನೋಡಲು ಸಿಗುತ್ತದೆ. ಕೆಣಕಿದ ಆನೆಯನ್ನು ನೋಡಿ ಬಂದವರು ನೋಡುವುದು ಆನೆಯ ಕೋಪವನ್ನಷ್ಟೇ.

ಹಿನ್ನೀರಿಗೆ ಹೊರಳಿದಾಗ ಬಿಸಿಲು ಓರೆಯಾಗಿತ್ತು. ಕಾಡು ಮುಗಿದು ಒಮ್ಮೆಲೇ ಬಯಲು. ಮುಳುಗಿ ಸತ್ತ ಮರಗಳ ಬೋಳು ಕೊರಡುಗಳು ಸಾಲಾಗಿ ನಿಂತಿದ್ದವು, ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಗಳು. ಆಚೆ ನೀರು, ಅದರಾಚೆ ಬಂಡೀಪುರದ ದಡ. ನಡುವಿನ ಹಸಿರಿನ ಮೇಲೆ ಆನೆಗಳು. ಹತ್ತಿರದಲ್ಲೊಂದು ಹಿಂಡು, ನೀರಿನಂಚಿನಲ್ಲೊಂದು, ದೂರದಲ್ಲಿ ಇನ್ನೆರಡು ಮೂರು. ಎಣಿಸಲು ಶುರುಮಾಡಿದ ಬೆಂಗಳೂರಿನ ಹುಡುಗನಿಗೆ ಮರಿಗಳು ದೊಡ್ಡವುಗಳ ಕಾಲ ಸಂದಿಯಲ್ಲಿ ಮರೆಯಾಗಿ ಲೆಕ್ಕ ತಪ್ಪುತ್ತಲೇ ಇತ್ತು. ಚಾಲಕ ಎಂಜಿನ್ ಆರಿಸಿದ.

ಅಲ್ಲಿ ಬಹಳ ಹೊತ್ತು ಕೂತೆವು. ಮೊದಲ ಐದು ನಿಮಿಷ ಎಲ್ಲರೂ ಫೋಟೊ ತೆಗೆದರು. ಅದು ಮುಗಿದ ಮೇಲೆಯೇ ನೋಡುವುದು ಶುರುವಾದದ್ದು.

ಆ ಹುಲ್ಲು ಎಷ್ಟು ಗಿಡ್ಡ ಎಂದರೆ ಸೊಂಡಿಲಿಗೆ ಸುತ್ತಿಕೊಂಡು ಕೀಳಲು ಬಾರದು. ಹತ್ತಿರದ ಹೆಣ್ಣಾನೆ ಮಾಡುತ್ತಿದ್ದದ್ದು ಹೀಗೆ. ಮುಂಗಾಲ ಉಗುರಿನಿಂದ ನೆಲವನ್ನು ಮೆಲ್ಲಗೆ ಕೆರೆಯುವುದು, ಒಂದೇ ಜಾಗದಲ್ಲಿ ನಾಲ್ಕೈದು ಸಲ. ಬುಡ ಸಡಿಲವಾದ ಹುಲ್ಲನ್ನು ಸೊಂಡಿಲ ತುದಿಯಿಂದ ಗುಡಿಸಿ ಪುಟ್ಟ ಗುಡ್ಡೆ ಮಾಡುವುದು. ಏಷ್ಯಾದ ಆನೆಗೆ ಸೊಂಡಿಲ ತುದಿಯಲ್ಲಿ ಬೆರಳಿನಂಥದ್ದು ಇರುವುದು ಒಂದೇ, ಆಫ್ರಿಕಾದ್ದಕ್ಕೆ ಎರಡು. ಆ ಒಂದು ಬೆರಳಿಂದಲೇ ಗುಡ್ಡೆಯನ್ನು ಮಡಚಿ ಎತ್ತಿಕೊಂಡು, ಬಾಯಿಗಿಡುವ ಮೊದಲು ಮುಂಗಾಲಿಗೆ ಪಟಪಟ ಬಡಿಯುತ್ತಿತ್ತು. ಬೇರಿನ ಮಣ್ಣು ಉದುರಿದ ಮೇಲೆಯೇ ಬಾಯಿಗೆ. ಪ್ರತಿ ತುತ್ತಿಗೂ ಇಷ್ಟು ಕೆಲಸ. ಅಮ್ಮ ಕಣ್ಣು ಕೀಳದೆ ನೋಡುತ್ತಿದ್ದಳು. "ಕೊತ್ತಂಬರಿ ಕಟ್ಟು ಜಾಡಿಸಿದ ಹಾಗೆ ಜಾಡಿಸುತ್ತಲ್ಲೇ" ಅಂದಳು. ಅವತ್ತು ಅವಳು ಆನೆಯ ಬಗ್ಗೆ ತಾನಾಗಿ ಆಡಿದ ಮೊದಲ ಮಾತು ಅದು.

ಹಿಂಡಿನ ಮರಿಗಳಲ್ಲಿ ಒಂದು ತೀರಾ ಎಳೆಯದು. ತಾಯಿಯ ಹೊಟ್ಟೆಯ ಕೆಳಗೆ ತಲೆ ತಾಗದೆ ನಡೆದಾಡುತ್ತಿತ್ತು. ಅಷ್ಟು ಎತ್ತರದ್ದಾದರೆ ವರ್ಷ ತುಂಬಿಲ್ಲ ಅಂತ ಲೆಕ್ಕ. ಅದಕ್ಕೆ ಸೊಂಡಿಲನ್ನು ಏನು ಮಾಡಬೇಕೆಂದು ಇನ್ನೂ ಗೊತ್ತಿರಲಿಲ್ಲ. ಹುಲ್ಲು ಎತ್ತಲು ನೋಡಿ, ಅದು ಜಾರಿ, ಕೊನೆಗೆ ಮಂಡಿಯೂರಿ ನೇರ ಬಾಯಿ ಹಾಕಿತು. ನೀರನ್ನೂ ಹಾಗೇ ಕುಡಿಯಿತು. ಬೆಂಗಳೂರಿನ ಹುಡುಗ ಹುಲಿಯ ಮಾತು ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದ, ಒಂದಾದ ಮೇಲೊಂದು ಪ್ರಶ್ನೆ. ಇಪ್ಪತ್ತು ತಿಂಗಳ ಹತ್ತಿರ ತಾಯಿ ಹೊಟ್ಟೆಯಲ್ಲಿರುತ್ತದೆ ಅಂದಾಗ ಅಮ್ಮ "ಪಾಪ!" ಅಂದಳು. ತಾಯಿಗೆ ಅಂದದ್ದು.

ವಯಸ್ಸು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ಕಿವಿಯ ಮೇಲಂಚು ನೋಡಿ ಅಂದ ನ್ಯಾಚುರಲಿಸ್ಟ್. ಎಳೆಯ ಆನೆಗೆ ಅದು ನೆಟ್ಟಗಿರುತ್ತದೆ, ವಯಸ್ಸಾದಂತೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಸೊಂಡಿಲಿನ ಬುಡದಲ್ಲಿ, ಕಿವಿಯಲ್ಲಿ ತಿಳಿಗೆಂಪು ಚುಕ್ಕೆಗಳು ಹೆಚ್ಚುತ್ತವೆ, ಕಪಾಲ ಗುಳಿ ಬೀಳುತ್ತದೆ. ಹಾಗೆ ನೋಡುತ್ತಾ ಹೋದಾಗ ಆ ಹಿಂಡಿನ ಅಜ್ಜಿ ಯಾರೆಂದು ನಮಗೇ ತಿಳಿಯಿತು. ಅದು ಬೇರೆಲ್ಲಕ್ಕಿಂತ ಸ್ವಲ್ಪ ದೂರದಲ್ಲಿ, ಕಾಡಿನ ಕಡೆ ಮುಖ ಮಾಡಿ ನಿಂತಿತ್ತು. ಹಿಂಡಿನಲ್ಲಿರುವುದು ಹೆಣ್ಣುಗಳು ಮತ್ತು ಮರಿಗಳು. ಗಂಡುಮರಿ ಹದಿಹರೆಯ ದಾಟುವ ಹೊತ್ತಿಗೆ ಹಿಂಡು ಬಿಟ್ಟು ಹೋಗುತ್ತದೆ. ಎಲ್ಲಿ ನೀರಿದೆ, ಯಾವ ದಾರಿ ಹಿಡಿಯಬೇಕು ಎನ್ನುವುದೆಲ್ಲ ಈ ಹಿರಿಯ ಹೆಣ್ಣಾನೆಯ ನೆನಪಿನಲ್ಲಿರುತ್ತದೆ. ಇಂಥದ್ದೊಂದನ್ನು ಹಿಡಿದು ಸಾಗಿಸಿದರೆ ಉಳಿದವುಗಳ ಗತಿ ಏನಾಗಬಹುದು ಎಂದು ನಾನು ಅಲ್ಲೇ ಕೂತು ಯೋಚಿಸಿದೆ. ನಮ್ಮ ಕಡೆ "ಎಲ್ಲಾನೂ ಹಿಡಿದುಕೊಂಡು ಹೋಗಿ" ಅನ್ನುವ ಮಾತು ದಿನ ಬೆಳಗಾದರೆ ಕೇಳುತ್ತೇವೆ. ಬೆಳೆ ಕಳಕೊಂಡವರ, ಮನೆಯವರನ್ನೇ ಕಳಕೊಂಡವರ ಆ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಹಿಂಡು ಎನ್ನುವುದು ಹೀಗೆ ಹೆಣೆದುಕೊಂಡಿದೆ ಎಂದು ಕಂಡ ಮೇಲೆ ಆ ಮಾತನ್ನು ಮೊದಲಿನ ಹಗುರದಲ್ಲಿ ಒಪ್ಪಲೂ ಆಗುವುದಿಲ್ಲ.

ಒಮ್ಮೆ ಎಲ್ಲವೂ ಒಟ್ಟಿಗೆ ಮೇಯುವುದನ್ನು ನಿಲ್ಲಿಸಿದವು. ನಮಗೆ ಯಾವ ಸದ್ದೂ ಕೇಳಿರಲಿಲ್ಲ. ಒಂದು ಕ್ಷಣ ಹಾಗೇ ನಿಂತು, ಎಳೆಯ ಮರಿಯನ್ನು ನಡುವೆ ಸೇರಿಸಿಕೊಂಡು ನೀರಿನ ಕಡೆ ಹೊರಟವು. ಆನೆಗಳು ನಮ್ಮ ಕಿವಿಗೆ ನಿಲುಕದ ತಗ್ಗು ಸ್ವರದಲ್ಲೂ ಮಾತಾಡಿಕೊಳ್ಳುತ್ತವೆ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಏಷ್ಯಾದ ಆನೆಗಳ ಹತ್ತಿರ ನಿಂತಾಗ ಗಾಳಿಯಲ್ಲಿ ಏನೋ ಅದುರಿದಂತಾಗಿ ಅದರ ಬೆನ್ನು ಹತ್ತಿದರು, ಆಮೇಲೆ ಧ್ವನಿಮುದ್ರಣದಲ್ಲಿ ಅದು ಖಚಿತವಾಯಿತು. ನಾವು ನೋಡಿದ್ದು ಅದೇ ಇರಬಹುದು, ಗಾಳಿಯಲ್ಲಿ ಬಂದ ವಾಸನೆಯೂ ಇರಬಹುದು.

ಆನೆಗಳು ನೀರಲ್ಲಿದ್ದಾಗ ಚಾಲಕ ಮೊದಲ ಸಲ ಬಾಯಿ ಬಿಟ್ಟ. ನೀರಿನ ಮಧ್ಯಕ್ಕೆ ಕೈ ತೋರಿಸಿ, "ಖೆಡ್ಡಾ ಮಾಡ್ತಿದ್ದ ಜಾಗ ಎಲ್ಲ ಈಗ ಇದ್ರೊಳಗೆ" ಅಂದ. ಮೈಸೂರು ಸಂಸ್ಥಾನದಲ್ಲಿ ಹಿಂಡನ್ನು ಅಟ್ಟಿ ಬೇಲಿಯೊಳಗೆ ಕೂಡುವ ಖೆಡ್ಡಾವನ್ನು 1874ರಲ್ಲಿ ಚಾಮರಾಜನಗರದ ಬಳಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ನಡೆಸಿದ್ದ. ಆಮೇಲೆ ಇದೇ ಕಬಿನಿ ದಡದ ಕಾಕನಕೋಟೆ ಅದರ ಹೆಸರಾಂತ ಜಾಗವಾಯಿತು. ಹಿಂಡನ್ನು ಕಬಿನಿ ಹೊಳೆ ದಾಟಿಸಿ ಬೇಲಿಗೆ ಅಟ್ಟುತ್ತಿದ್ದರು. ದೊರೆಗಳು, ವೈಸರಾಯ್‌ಗಳು ನೋಡಲು ಬರುತ್ತಿದ್ದರು. ಅಟ್ಟುವ ಕೆಲಸಕ್ಕೆ, ಪಳಗಿಸುವ ಕೆಲಸಕ್ಕೆ ಇದೇ ಕಾಡಿನ ಜೇನುಕುರುಬರು, ಬೆಟ್ಟಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಅಣೆಕಟ್ಟು ಮುಗಿದು ಹೊಳೆ, ಹಳ್ಳಿಗಳು, ಆದಿವಾಸಿಗಳ ಹಾಡಿಗಳು ಮುಳುಗಿದವು. ಆನೆ ನೋಡಲು ಇಂದು ನಾವು ಬರುವ ಈ ಹಸಿರು ಬಯಲು ಜನ ಬಿಟ್ಟುಕೊಟ್ಟ ನೆಲ. ಎಬ್ಬಿಸಿದ ಎಷ್ಟೋ ಆದಿವಾಸಿ ಕುಟುಂಬಗಳ ಹಕ್ಕಿನ ಪ್ರಶ್ನೆ ಇನ್ನೂ ಮುಗಿದಿಲ್ಲ. ಸಫಾರಿಗೆ ಹೋಗಿ ಬಂದವರು ಬರೆಯುವಾಗ ಈ ಸಂಗತಿಯನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಅದೇ ಕಾಕನಕೋಟೆಯಲ್ಲಿ 1968ರಲ್ಲಿ ಸೆರೆ ಸಿಕ್ಕವನು ದಸರಾ ಆನೆ ಅರ್ಜುನ. ಇಲ್ಲಿಂದ ಮುಂದೆ, ಮಾನಂದವಾಡಿ ರಸ್ತೆಯ ಬಳ್ಳೆ ಆನೆ ಶಿಬಿರ ಅವನ ಮನೆಯಾಗಿತ್ತು. 2012ರಿಂದ 2019ರವರೆಗೆ ದಸರಾದಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. ಅವನು ಸತ್ತದ್ದು 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರದ ಯಸಳೂರು ಕಡೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯ ಜೊತೆಗಿನ ಕಾಳಗದಲ್ಲಿ. ಈ ಮಾತು ಬಂದಾಗ ಅಮ್ಮ ನ್ಯಾಚುರಲಿಸ್ಟ್ ಹುಡುಗನಿಗೆ ಹೇಳಿದಳು, "ಅವತ್ತು ನಮ್ಮೂರಲ್ಲಿ ಎಷ್ಟೋ ಜನ ಅತ್ತರಪ್ಪ." ಅವನು, "ಬಳ್ಳೇಲೂ ಅತ್ರು ಕಣಮ್ಮ" ಅಂದ. ಆಮೇಲೆ ಭೋಗೇಶ್ವರನ ಮಾತು ಬಂತು. ನೆಲ ಮುಟ್ಟುವಂಥ, ತುದಿಯಲ್ಲಿ ಒಂದರ ಮೇಲೊಂದು ಹಾಯುವ ದಂತಗಳ ಸಲಗ, ಕಬಿನಿಗೆ ಬಂದವರೆಲ್ಲ ಹುಡುಕುತ್ತಿದ್ದ ಆನೆ. 2022ರ ಜೂನಿನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ವಯಸ್ಸಾಗಿ ಸತ್ತುಬಿದ್ದಿದ್ದ. ದಂತಗಳನ್ನು ಅಳೆದಾಗ ಒಂದು 2.54 ಮೀಟರ್, ಇನ್ನೊಂದು 2.34 ಮೀಟರ್ ಇದ್ದವು. ಅಂಥ ದಂತ ಹೊತ್ತುಕೊಂಡು ಈ ಕಾಲದಲ್ಲಿ ಮುಪ್ಪಿನವರೆಗೂ ಬದುಕಿ, ಗುಂಡೇಟಿಲ್ಲದೆ ಸಾಯಲು ಒಂದು ಆನೆಗೆ ಸಾಧ್ಯವಾಯಿತು ಎನ್ನುವುದು ಈ ಕಾಡನ್ನು ಕಾಯುವವರ ದೊಡ್ಡ ಸಾಧನೆ. ದಿನಗೂಲಿಯ ಕಾವಲುಗಾರರಿಗೂ ಅದರಲ್ಲಿ ಪಾಲಿದೆ.

ಹೊತ್ತು ಮುಳುಗುವುದರೊಳಗೆ ಗೇಟು ದಾಟಲೇಬೇಕು. ವಾಪಸು ಬರುವಾಗ ಕಾಟಿಗಳ (ಕಾಡುಕೋಣಗಳ) ಗುಂಪು, ಒಂದು ಕಡವೆ, ದಾರಿ ಬದಿಗೆ ಮಲಗಿದ್ದ ಸೀಳುನಾಯಿಗಳು ಕಂಡವು. ಹುಲಿ ಕಾಣಲಿಲ್ಲ. ಕಾಡಂಚಿನಲ್ಲಿ ಹಳೆಯ ರೈಲು ಕಂಬಿಗಳನ್ನು ಬೆಸೆದು ಮಾಡಿದ ತಡೆಬೇಲಿ, ಅದಕ್ಕೂ ಮೊದಲಿನ ಆನೆ ಕಂದಕ. ಕಂದಕದ ಅಂಚನ್ನು ಕಾಲಿಂದ ಕೆಡವಿ ಇಳಿಜಾರು ಮಾಡಿಕೊಂಡು ದಾಟುವುದನ್ನು ಆನೆಗಳು ಕಲಿತಿವೆ. ಕಂಬಿ ಬೇಲಿ ಸರಿಯಾಗಿ ಹಾಕಿದ ಕಡೆ ಒಳ್ಳೆಯ ಫಲ ಕೊಟ್ಟಿದೆ, ಆದರೆ ಖರ್ಚು ವಿಪರೀತ. ಬೇಲಿ ಮುಗಿದ ಕಡೆ ಏನು ಮಾಡುತ್ತಾರೆ ಅಂತ ಅಮ್ಮ ಚಾಲಕನನ್ನು ಕೇಳಿದಳು. "ಕಾಯ್ತೀವಿ ಅಮ್ಮ" ಅಂದ. ಅವನಿಗೆ ಎರಡು ಎಕರೆ ಹೊಲವಿದೆ, ರಾಗಿ ಹಾಕುತ್ತಾನೆ. ಹಗಲು ಆನೆ ತೋರಿಸಿ, ತೆನೆ ಕಟ್ಟುವ ಕಾಲಕ್ಕೆ ರಾತ್ರಿ ಅಟ್ಟಣೆ ಹತ್ತುವವನು. ಯಾವ ಸೊಲ್ಲು ಬಂದರೆ ಹಲಗೆ ಬಡಿಯಬೇಕು, ಯಾವಾಗ ಸುಮ್ಮನಿರಬೇಕು ಅಂತ ಅವರಿಬ್ಬರೂ ರೆಸಾರ್ಟ್ ಬರುವವರೆಗೂ ಮಾತಾಡಿಕೊಂಡರು. ನಾನು ನಡುವೆ ಬಾಯಿ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ದೋಣಿ ಸಫಾರಿ. ಮೊಸಳೆ, ಹಕ್ಕಿ ನೋಡಲು, ನೀರಿಗಿಳಿದ ಆನೆಗಳ ಫೋಟೊ ತೆಗೆಯಲು ದೋಣಿ ಒಳ್ಳೆಯದು, ಮೈ ಕುಲುಕುವುದೂ ಇಲ್ಲ. ಆದರೆ ಮೇಯುವುದನ್ನು, ಮರಿಗಳ ಆಟವನ್ನು ಪಕ್ಕದಲ್ಲೇ ಕೂತು ನೋಡುವ ಸುಖ ಜೀಪಿನದೇ. ಎರಡೂ ಸಿಗುವುದಾದರೆ ಸಂಜೆಗೆ ಜೀಪು ಇಟ್ಟುಕೊಳ್ಳಿ, ಬಿಸಿಲಿಳಿದ ಮೇಲೆ ಹಿಂಡುಗಳು ಬಯಲಿಗೆ ಬರುವುದು ಹೆಚ್ಚು. ತಿಳಿ ಬಣ್ಣದ, ಕಣ್ಣಿಗೆ ಹೊಡೆಯದ ಬಟ್ಟೆ ಇರಲಿ. ಧೂಳಿಗೆ ಒಂದು ಟವೆಲ್ ಬೇಕೇಬೇಕು. ಹೊರಡುವ ಮುಂಚೆಯೇ ಗೈಡಿಗೂ ಜೊತೆಯವರಿಗೂ ಆನೆಯ ಹತ್ತಿರ ನಿಲ್ಲುವ ಆಸೆ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲೋ ಜಿಂಕೆ ಕೂಗಿತು, ಹುಲಿ ಇರಬಹುದು ಎಂದು ಗಾಡಿ ಓಡುತ್ತದೆ. ಮಾರ್ಚ್‌ನಿಂದ ಮೇ ಮುಗಿಯುವುದರೊಳಗೆ ಹೋಗಿ. ಜೂನಿನಲ್ಲಿ ವಯನಾಡಿಗೆ ಮಳೆ ಹಿಡಿದರೆ ಕಬಿನಿ ಬೇಗ ಏರುತ್ತದೆ, ಬಯಲೆಲ್ಲ ಮತ್ತೆ ನೀರಿನಡಿ ಸೇರಿ ಹಿಂಡುಗಳು ಒಳಗಾಡಿಗೆ ಚದುರುತ್ತವೆ.